ಮಲಪ್ರಭೆಗೆ ಹರಿದು ಹೋಗುತ್ತಿದೆ ತಿಪ್ಪೆಯ ದುಡ್ಡು

ಸವದತ್ತಿ ತಾಲೂಕಿನ ನಮ್ಮೂರಲ್ಲಿ ಮುಂಗಾರು ಜೋರಾದ ಕೂಡಲೇ ಹಿತ್ತಲಿನ ತಿಪ್ಪೆಯಿಂದ ಚಹಾ ಬಣ್ಣದ ನೀರು ಗಟಾರಕ್ಕೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. 'ಮಳಿ ಬಂದ್ರ ತಿಪ್ಪಿ ತೊಳದ ಹೊಕ್ಕೈತಿ, ಏನ್ ಮಾಡೂದು?' ಅಂತಾರೆ ನಮ್ಮ ಕಾಕಾ. ಅದೇ ವಾರ ಅವರು ಯೂರಿಯಾ ಚೀಲಕ್ಕೆ ಪಾಳಿ ಹಚ್ಚಿರುತ್ತಾರೆ. ಇವೆರಡೂ ಒಂದೇ ಕತೆ ಅನ್ನೋದು ನನಗೆ ತಡವಾಗಿ ಗೊತ್ತಾಯಿತು.

ಹೋಗ್ತಿರೋದು ಏನು?

ಒಂದು ಟನ್ ಕಳಿತ ತಿಪ್ಪೆಗೊಬ್ಬರದಲ್ಲಿ ಸುಮಾರು 5 ಕೆಜಿ ಸಾರಜನಕ, 2 ಕೆಜಿ ರಂಜಕ, 5 ಕೆಜಿ ಪೊಟ್ಯಾಷ್ ಇರುತ್ತದೆ. ದನ ಹೊರಹಾಕುವ ಸಾರಜನಕದಲ್ಲಿ ಹೆಚ್ಚುಕಮ್ಮಿ ಅರ್ಧ ಗಂಜಲದಲ್ಲೇ ಇದೆ. ಮಣ್ಣು ನೆಲದ ಕೊಟ್ಟಿಗೆಯಲ್ಲಿ ಅದು ನೆಲಕ್ಕಿಳಿಯುತ್ತದೆ, ಇಲ್ಲವೇ ಅಮೋನಿಯಾ ಆಗಿ ಹಾರುತ್ತದೆ. ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದು ಗೊಬ್ಬರ ಖಾಲಿಯಾಗುತ್ತಿರುವ ವಾಸನೆ.

ಹೋಗೋದು ಎಲ್ಲಿಗೆ?

ಕಿತ್ತೂರು, ಬೈಲಹೊಂಗಲ ಭಾಗದ ಬಹಳಷ್ಟು ಹಳ್ಳಗಳ ನೀರು ಮಲಪ್ರಭೆಗೆ. ನದಿ ಸವದತ್ತಿ ತಾಲೂಕಿನ ನವಿಲುತೀರ್ಥದ ಜಲಾಶಯದಲ್ಲಿ ನಿಂತು, ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೂ ಈ ಜಲಾಶಯದ ನೀರೇ ಹೋಗುತ್ತದೆ. ನಿಂತ ನೀರಿಗೆ ರಂಜಕ ಹೆಚ್ಚಾದರೆ ಪಾಚಿ ಕಟ್ಟುತ್ತದೆ. ನೆಲಕ್ಕಿಳಿದ ಸಾರಜನಕ ನೈಟ್ರೇಟ್ ಆಗಿ ಬಾವಿ, ಬೋರ್‌ವೆಲ್ ಸೇರುತ್ತದೆ. ಕುಡಿಯುವ ನೀರಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗುವ ಅಪಾಯವಿದೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಕುದಿಸಿದರೂ ಹೋಗಲ್ಲ. ತಪ್ಪೆಲ್ಲ ತಿಪ್ಪೆಯದೇ ಅಂತಲ್ಲ, ಅತಿಯಾದ ಯೂರಿಯಾ ಮತ್ತು ಶೌಚ ಗುಂಡಿಗಳದ್ದೂ ಪಾಲಿದೆ.

ರೈತ ಯಾಕೆ ಸುಮ್ಮನಿದ್ದಾನೆ?

45 ಕೆಜಿ ಯೂರಿಯಾ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ ಇದೆ. ಸಬ್ಸಿಡಿಯಿಂದಾಗಿ ಬೆಲೆ ₹266ರ ಆಸುಪಾಸು. ಅಷ್ಟೇ ಸಾರಜನಕಕ್ಕೆ 4 ಟನ್ ತಿಪ್ಪೆಗೊಬ್ಬರ ಹೇರಬೇಕು, ಅದೂ ಮೊದಲ ವರ್ಷವೇ ಪೂರ್ತಿ ಬೆಳೆಗೆ ಸಿಗಲ್ಲ. ಆಳಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಲೆಕ್ಕ ಹಾಕಿದ ಯಾರೇ ಆದರೂ ಚೀಲವನ್ನೇ ತರುತ್ತಾರೆ. ಆದರೆ ಆ 4 ಟನ್ನಿನಲ್ಲಿ 8 ಕೆಜಿ ರಂಜಕ, 20 ಕೆಜಿ ಪೊಟ್ಯಾಷ್, ಜೊತೆಗೆ ಎರೆಮಣ್ಣಿಗೆ ಬೇಕಾದ ಸಾವಯವ ಅಂಶವೂ ಇದೆ. ಅವನ್ನು ಯೂರಿಯಾ ಕೊಡುವುದಿಲ್ಲ. ಅಂದರೆ ರೈತನಿಗೆ ಬುದ್ಧಿ ಹೇಳುವ ಮೊದಲು ಸರ್ಕಾರದ ಬೆಲೆ ನೀತಿಯನ್ನು ಕೇಳಬೇಕು.

ಮಾಡಬಹುದಾದದ್ದು

ಕೊಟ್ಟಿಗೆಗೆ ಗಟ್ಟಿ ನೆಲ, ಗಂಜಲ ಹರಿಯಲು ಸಣ್ಣ ಕಾಲುವೆ, ಕೊನೆಗೊಂದು ತೊಟ್ಟಿ. ತಿಪ್ಪೆಯನ್ನು ಬಾವಿ, ಹಳ್ಳದಿಂದ ದೂರ ಹಾಕಿ, ಸುತ್ತ ಒಡ್ಡು ಕಟ್ಟಿ, ಮೇಲೆ ಮಣ್ಣು ಇಲ್ಲವೇ ತಾಡಪಾಲು ಮುಚ್ಚುವುದು. ಹೊಲಕ್ಕೆ ಹರವಿದ ದಿನವೇ ಕುಂಟೆ ಹೊಡೆದು ಬೆರೆಸುವುದು. ಮಣ್ಣು ಪರೀಕ್ಷೆ ಮಾಡಿಸಿ ಅಷ್ಟರ ಮಟ್ಟಿಗೆ ಯೂರಿಯಾ ಕಡಿಮೆ ಮಾಡುವುದು, ಉಳಿತಾಯ ಕಾಣುವುದು ಇಲ್ಲೇ. ನಮ್ಮ ಕಡೆ ಹೊಲದಲ್ಲಿ ಕುರಿ ನಿಲ್ಲಿಸುವ ಪದ್ಧತಿಯಲ್ಲಿ ಹಿಕ್ಕೆ, ಗಂಜಲ ಎರಡೂ ನೇರ ಮಣ್ಣಿಗೇ ಬೀಳುತ್ತವೆ, ಹೇರುವ ಖರ್ಚೂ ಇಲ್ಲ. ಅದಕ್ಕೆ ರೈತ ಕುರಿಗಾರನಿಗೆ ದುಡ್ಡೋ ಕಾಳೋ ಕೊಡುತ್ತಾನೆ. ಗೊಬ್ಬರಕ್ಕೆ ಬೆಲೆಯಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಗಟ್ಟಿ ನೆಲಕ್ಕೆ ದುಡ್ಡು ಬೇಕು. ನರೇಗಾದಡಿ ದನದ ಕೊಟ್ಟಿಗೆ, ಎರೆಗೊಬ್ಬರದ ತೊಟ್ಟಿಗೆ ಅನುದಾನ ಕೊಟ್ಟ ಉದಾಹರಣೆ ಇದೆ. ಕಟ್ಟುವಾಗ ಗಂಜಲದ ಕಾಲುವೆಯೂ ಇರಲಿ ಎಂದು ಪಂಚಾಯ್ತಿಯಲ್ಲಿ ಹಟ ಹಿಡಿಯಬೇಕಾದವರು ನಾವು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಮ್ಮೂರ ಕುಡಿಯುವ ನೀರಲ್ಲಿ ನೈಟ್ರೇಟ್ ಎಷ್ಟಿದೆ?