ಓದಲಾರದ ಮಗು ದಡ್ಡನೆ?

ಮುಧೋಳವೆಂದೊಡನೆ ಕನ್ನಡಿಗರಿಗೆ ರನ್ನನ ನೆನಪಾಗುತ್ತದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ಆತನಿಗೆ ಅಜಿತಸೇನಾಚಾರ್ಯರಂಥ ಗುರು ದೊರೆತರು, ಆತ ಕವಿಚಕ್ರವರ್ತಿಯಾದ. ಅದೇ ನೆಲದಲ್ಲಿ, ಜಮಖಂಡಿ ಬೀಳಗಿಗಳ ಹಳ್ಳಿಗಳಲ್ಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ, ಅಕ್ಷರದೆದುರು ತಬ್ಬಿಬ್ಬಾಗಿ ನಿಲ್ಲುವ ಮಗುವಿಗೆ ನಾವು ಕೊಡುವ ಬಿರುದು ಒಂದೇ: ‘ದಡ್ಡ’.

ಈ ಬಿರುದು ಎಷ್ಟರಮಟ್ಟಿಗೆ ನ್ಯಾಯವಾದುದು? ಶ್ರೀಕೃಷ್ಣ ಪಾರಿಜಾತದ ಹಾಡುಗಳನ್ನು ಕೇಳಿಯೇ ಕಲಿಯಬಲ್ಲ, ಸಂತೆಯ ಲೆಕ್ಕವನ್ನು ಬಾಯಲ್ಲೇ ಮುಗಿಸಬಲ್ಲ ಹುಡುಗನೂ ಪುಸ್ತಕದ ಒಂದು ಸಾಲಿನಲ್ಲಿ ಎಡವಬಹುದು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯರು ಹದಿನಾಲ್ಕು ವರ್ಷದ ಇಂಥದೇ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆಲ್ಲ ಅವನೇ ಚುರುಕು ಹುಡುಗನಾಗುವನೆಂದು ಅವನ ಗುರುಗಳ ಅಭಿಪ್ರಾಯವಾಗಿತ್ತು. ಇಂಥ ತೊಡಕನ್ನೇ ಇಂದು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ. ನುಡಿಯ ಧ್ವನಿಗೂ ಬರಹದ ಗುರುತಿಗೂ ನಂಟು ಬೆಸೆಯುವಲ್ಲಿನ ತೊಡಕು.

ನಮ್ಮ ಲಿಪಿ ನುಡಿದಂತೆ ಬರೆಯುವಂಥದು, ನಿಜ. ಆದರೂ ಅದು ಎಳೆಯರಿಗೆ ಸುಲಭವೆಂದು ಭಾವಿಸಲಾಗದು. ಪ, ಷ, ಫಗಳ ನಡುವೆ ಸಣ್ಣದೊಂದು ಗೀಟಿನ ಅಂತರ. ಪ್ರತಿ ವ್ಯಂಜನಕ್ಕೂ ಗುಣಿತದ ಬಳಗ, ಅದರ ಕೆಳಗೆ ಒತ್ತುಗಳು. ‘ಸೂರ್ಯ’ ಎನ್ನುವಾಗ ಕಿವಿಗೆ ರಕಾರ ಮೊದಲು ಕೇಳುತ್ತದೆ. ಕಣ್ಣಿಗೆ ಯಕಾರ ಮೊದಲು ಕಾಣುತ್ತದೆ. ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೊನಾಲಿ ನಾಗ್ ಅವರು, ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೆಯ ಇಯತ್ತೆಯವರೆಗೂ, ಅದರಾಚೆಗೂ ಕಾಲ ಬೇಕಾಗುವುದೆಂದು ತೋರಿಸಿದ್ದಾರೆ.

ಹಾಗೆಂದು ಓದದ ಮಕ್ಕಳೆಲ್ಲರಿಗೂ ಈ ತೊಡಕೇ ಇದೆಯೆಂದಲ್ಲ. ಮನೆಯಲ್ಲಿ ‘ಬಂದಾನ’ ಎನ್ನುವ ಮಗುವಿಗೆ ‘ಬಂದಿದ್ದಾನೆ’ ಎಂಬ ಪುಸ್ತಕದ ನುಡಿ ಹೊಸದು. ಮರಾಠಿ, ಉರ್ದು, ಲಂಬಾಣಿ ಮನೆಮಾತಿನವರಿಗಂತೂ ದೂರ ಇನ್ನೂ ಹೆಚ್ಚು. ತಂದೆತಾಯಿಗಳೊಡನೆ ಗುಳೆ ಹೋದವನಿಗೆ ಪಾಠವೇ ತಪ್ಪಿರುತ್ತದೆ. ಇನ್ನೊಬ್ಬನಿಗೆ ಕಣ್ಣು ಮಂದವಿರಬಹುದು. ಕಾರಣವನ್ನು ಅರಿಯದೆ ಬೆತ್ತ ಹಿಡಿದರೆ ಮಗು ಕಲಿಯುವುದು ಅಂಜಿಕೆಯೊಂದನ್ನೇ.

ಉಪಾಯಗಳು ದುಬಾರಿಯಲ್ಲ. ಒಮ್ಮೆಗೆ ನಾಲ್ಕೈದೇ ಅಕ್ಷರ. ಬಾಯಲ್ಲಿ ಉಚ್ಚರಿಸುತ್ತ ಉಸುಕಿನ ಮೇಲೆ ಬೆರಳಿನಿಂದ ತಿದ್ದಿಸುವುದು. ಪದವನ್ನು ಬಿಡಿಸಿ ಮತ್ತೆ ಕೂಡಿಸುವುದು. ದಿನವೂ ಸ್ವಲ್ಪ ಹೊತ್ತು ಅಭ್ಯಾಸ. ತರಗತಿಯೆದುರು ನಿಲ್ಲಿಸಿ ನಗೆಗೀಡು ಮಾಡದಿರುವುದು. ತಿಳಿದುದನ್ನು ಬಾಯಿಂದ ಹೇಳಗೊಡುವುದು. ಇಷ್ಟಾದರೂ ತೊಡಕು ಉಳಿದರೆ ತಜ್ಞರ ಪರೀಕ್ಷೆ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕೆಯ ಈ ನ್ಯೂನತೆಯನ್ನು ತನ್ನ 21 ಬಗೆಗಳಲ್ಲಿ ಸೇರಿಸಿ, ಅದನ್ನು ಬೇಗನೆ ಗುರುತಿಸಿ ತಕ್ಕ ಬೋಧನೆ ನೀಡುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳ ಮೇಲೆ ಹೊರಿಸಿದೆ. ಆದರೆ ಮೊದಲು ಗುರುತಿಸಬೇಕಾದ ಕಣ್ಣು ಕನ್ನಡ ಶಾಲೆಯ ಮಾಸ್ತರರದೇ.

ಬನಹಟ್ಟಿಯ ನೇಕಾರನನ್ನು ಕೇಳಿ. ಎಳೆ ಹರಿದರೆ ಆತ ಮಗ್ಗವನ್ನು ಬಡಿಯುವುದಿಲ್ಲ. ನಿಲ್ಲಿಸಿ, ಹರಿದ ಎಳೆಯನ್ನು ಹುಡುಕಿ, ಗಂಟು ಹಾಕಿ ಮುಂದೆ ನೇಯುತ್ತಾನೆ. ಎಳೆಯ ಜೀವಕ್ಕೆ ಅಷ್ಟು ತಾಳ್ಮೆಯನ್ನಾದರೂ ನಾವು ತೋರಿಸಬಾರದೆ?