ಹಳೇ ಟಿವಿಗೆ ಹೊಸ ಬುದ್ಧಿ: ಸ್ಟ್ರೀಮಿಂಗ್ ಸ್ಟಿಕ್ ಹೇಗೆ ಕೆಲಸ ಮಾಡುತ್ತೆ?

 

ಇವತ್ತಿನ ವಿಷಯ ಟಿವಿ. ಹತ್ತು ಹನ್ನೆರಡು ವರ್ಷದ ಹಿಂದೆ ತೊಗೊಂಡ ಟಿವಿ ಬಹಳ ಮನೆಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿದೆ. ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ. ಆದರೆ ಅದರಲ್ಲಿ ಯೂಟ್ಯೂಬ್ ಇಲ್ಲ. ಅಥವಾ ಒಂದು ಕಾಲಕ್ಕೆ ಇತ್ತು, ಈಗ ತೆರೆಯೋದಿಲ್ಲ. ಅಂಗಡಿಯವರನ್ನ ಕೇಳಿದರೆ "ಹೊಸ ಸ್ಮಾರ್ಟ್ ಟಿವಿ ತೊಗೊಳ್ಳಿ" ಅಂತಾರೆ. ಮೂವತ್ತು ನಲವತ್ತು ಡಾಲರಿನ ಒಂದು ಸ್ಟಿಕ್ ಸಿಕ್ಕಿಸಿದರೆ ಸಾಲದಾ? ಬಹಳಷ್ಟು ಮನೆಗಳಿಗೆ ಸಾಕು. ಆದರೆ ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ, ಊರಿಗೆ ಒಯ್ದರೆ ನಡೆಯುತ್ತಾ, ಅಗ್ಗದ ಡಬ್ಬಗಳಲ್ಲಿ ಯಾವುದನ್ನು ಮನೆಯೊಳಗೇ ಬಿಟ್ಟುಕೊಳ್ಳಬಾರದು, ಇಷ್ಟನ್ನು ತಿಳಿದುಕೊಂಡು ಕೊಂಡರೆ ಒಳ್ಳೇದು.

ಒಂದು ಟಿವಿ, ಎರಡು ಯಂತ್ರ

ಸ್ಮಾರ್ಟ್ ಟಿವಿ ಅನ್ನೋದು ವಾಸ್ತವದಲ್ಲಿ ಎರಡು ಯಂತ್ರ. ಒಂದು, ಬೆಳಕು ಚೆಲ್ಲುವ ಪರದೆ. ಇನ್ನೊಂದು, ಅದರ ಬೆನ್ನಿಗೆ ಅಂಟಿಕೊಂಡಿರುವ ಪುಟ್ಟ ಕಂಪ್ಯೂಟರ್. ಇವೆರಡಕ್ಕೂ ವಯಸ್ಸಾಗುವ ವೇಗ ಬೇರೆ. ಪರದೆ ವರ್ಷಗಟ್ಟಲೆ ಬಾಳುತ್ತೆ. ಕಂಪ್ಯೂಟರ್ ಮಾತ್ರ ಬೇಗ ಮುದಿಯಾಗುತ್ತೆ. ಆ್ಯಪ್‌ಗಳು ಪ್ರತಿ ವರ್ಷ ಹೆಚ್ಚು ಮೆಮೊರಿ ಕೇಳುತ್ತವೆ, ವಿಡಿಯೋ ಕುಗ್ಗಿಸುವ ಹೊಸ ವಿಧಾನಗಳು ಬರುತ್ತವೆ, ಟಿವಿ ಕಂಪನಿ ಅಪ್‌ಡೇಟ್ ಕೊಡೋದು ನಿಲ್ಲಿಸುತ್ತೆ. ಗೋಡೆಯ ಬಣ್ಣ ಮಾಸಿತು ಅಂತ ಯಾರೂ ಮನೆ ಕೆಡವೋದಿಲ್ಲ. ಟಿವಿ ವಿಷಯದಲ್ಲಿ ನಾವು ಮಾಡ್ತಿರೋದು ಹೆಚ್ಚುಕಮ್ಮಿ ಅದೇ.

ಸ್ಟಿಕ್ ಆ ಕಂಪ್ಯೂಟರನ್ನು ಟಿವಿಯಿಂದ ಬೇರೆ ಮಾಡುತ್ತೆ. ಅದರೊಳಗೆ ಮೊಬೈಲ್ ಫೋನಿನಲ್ಲಿ ಇರುವಂಥದೇ ಪ್ರೊಸೆಸರ್, ಸ್ವಲ್ಪ ಮೆಮೊರಿ, ವೈಫೈ ಮತ್ತು ಬ್ಲೂಟೂತ್ ಚಿಪ್ ಇರುತ್ತೆ. ಪರದೆಯೂ ಇಲ್ಲ, ಬ್ಯಾಟರಿಯೂ ಇಲ್ಲ, ಅದಕ್ಕೇ ಅಗ್ಗ.

ಇದರ ಚರಿತ್ರೆ ದೊಡ್ಡದೇನಲ್ಲ. 2008ರಲ್ಲಿ ರೋಕು ಕಂಪನಿ ನೆಟ್‌ಫ್ಲಿಕ್ಸ್ ನೋಡಲು ಒಂದು ಪುಟ್ಟ ಪೆಟ್ಟಿಗೆ ತಂತು. ಜಪಾನೀ ಭಾಷೆಯಲ್ಲಿ ರೋಕು ಅಂದರೆ ಆರು. ಸ್ಥಾಪಕ ಆಂಥನಿ ವುಡ್ ಅವರಿಗೆ ಅದು ಆರನೇ ಕಂಪನಿ. 2013ರ ಜುಲೈನಲ್ಲಿ ಗೂಗಲ್ 35 ಡಾಲರಿಗೆ ಕ್ರೋಮ್‌ಕಾಸ್ಟ್ ಬಿಡುಗಡೆ ಮಾಡಿತು. ಮಾರನೇ ವರ್ಷ ಅಮೆಜಾನ್ 39 ಡಾಲರಿಗೆ ಫೈರ್ ಟಿವಿ ಸ್ಟಿಕ್ ತಂತು. ಅದು ಭಾರತಕ್ಕೆ ಬಂದದ್ದು 2017ರಲ್ಲಿ, 3,999 ರೂಪಾಯಿಗೆ.

ಇಲ್ಲಿ ಒಂದು ಗೊಂದಲ ನಿವಾರಿಸಿಬಿಡೋಣ. ಫೋನಿನಿಂದ "ಕಾಸ್ಟ್" ಮಾಡಿದಾಗ ಸಾಮಾನ್ಯವಾಗಿ ವಿಡಿಯೋ ಫೋನಿನ ಮೂಲಕ ಹಾದುಹೋಗೋದಿಲ್ಲ. ಫೋನ್ ಬರೀ ವಿಳಾಸ ಕೊಡುತ್ತೆ, "ಈ ಹಾಡು, ಇಂಥಾ ಕಡೆ ಇದೆ, ತೊಗೊಂಡು ಬಾ" ಅಂತ. ಸ್ಟಿಕ್ ತಾನೇ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತೆ. ಅದಕ್ಕೇ ನಡುವೆ ಫೋನ್ ಆಫ್ ಆದರೂ ಸಿನಿಮಾ ನಿಲ್ಲೋದಿಲ್ಲ. ಫೋನಿನ ಪರದೆಯನ್ನೇ ಟಿವಿ ಮೇಲೆ ಮೂಡಿಸುವ "ಮಿರರಿಂಗ್" ಬೇರೆ. ಅದರಲ್ಲಿ ಫೋನಿನ ಬ್ಯಾಟರಿ ಕರಗುತ್ತೆ.

ಹತ್ತೊಂಬತ್ತು ಪಿನ್ನುಗಳ ಮಾತುಕತೆ

ಸ್ಟಿಕ್ ಸಿಕ್ಕಿಸೋದು ಎಚ್‌ಡಿಎಂಐ ಪೋರ್ಟಿಗೆ. ಈ ಮಾನದಂಡ ಬಂದದ್ದು 2002ರ ಡಿಸೆಂಬರಿನಲ್ಲಿ. ಅದರಲ್ಲಿ 19 ಪಿನ್ನುಗಳಿವೆ. ಸಿಕ್ಕಿಸಿದ ಕೂಡಲೇ ಟಿವಿ ತನ್ನ ಜಾತಕ ಒಪ್ಪಿಸುತ್ತೆ: ನನ್ನ ಪರದೆಯಲ್ಲಿ ಇಷ್ಟು ಚುಕ್ಕೆ, ಸೆಕೆಂಡಿಗೆ ಇಷ್ಟು ಚಿತ್ರ, ಇಂಥಾ ಧ್ವನಿ. ಸ್ಟಿಕ್ ಅದಕ್ಕೆ ತಕ್ಕ ಹಾಗೆ ಚಿತ್ರ ಕಳಿಸುತ್ತೆ. ನಕಲು ತಡೆಯುವ ಎಚ್‌ಡಿಸಿಪಿ ಎಂಬ ಪರೀಕ್ಷೆಯೂ ಆಗ ನಡೆಯುತ್ತೆ. ಬಹಳ ಹಳೇ ಟಿವಿಗಳಲ್ಲಿ ಯೂಟ್ಯೂಬ್ ಬಂದು, ಹಣ ಕೊಟ್ಟು ನೋಡುವ ಆ್ಯಪ್‌ನಲ್ಲಿ ಮಾತ್ರ ಪರದೆ ಕಪ್ಪಾದರೆ, ಈ ಪರೀಕ್ಷೆ ಪಾಸಾಗಿಲ್ಲ ಅಂತ ಅನುಮಾನಿಸಬಹುದು.

13ನೇ ಪಿನ್ ಮೇಲೆ ನಡೆಯೋದು ಸಿಇಸಿ ಎಂಬ ಸಂಭಾಷಣೆ. ಸ್ಟಿಕ್ಕಿನ ರಿಮೋಟ್ ಒತ್ತಿದರೆ ಟಿವಿಯೂ ಆನ್ ಆಗಿ, ಸರಿಯಾದ ಇನ್‌ಪುಟ್‌ಗೆ ತಾನೇ ಹೋಗೋದು ಇದರಿಂದ. ಸ್ಯಾಮ್‌ಸಂಗ್ ಇದನ್ನ ಎನಿನೆಟ್ ಪ್ಲಸ್ ಅನ್ನುತ್ತೆ, ಎಲ್‌ಜಿ ಸಿಂಪ್‌ಲಿಂಕ್ ಅನ್ನುತ್ತೆ, ಸೋನಿ ಬ್ರಾವಿಯಾ ಸಿಂಕ್ ಅನ್ನುತ್ತೆ. ಎಲ್ಲವೂ ಒಂದೇ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆನ್ ಮಾಡಿ.

ಇನ್ನು 18ನೇ ಪಿನ್. ಅದರಲ್ಲಿ 5 ವೋಲ್ಟ್ ಇದೆ. ಹಾಗಾದರೆ ಸ್ಟಿಕ್ಕಿಗೆ ಬೇರೆ ವೈರ್ ಯಾಕೆ? ಯಾಕಂದರೆ ಆ ವಿದ್ಯುತ್ತು ಹರಿಯೋದು ಉಲ್ಟಾ ದಿಕ್ಕಿನಲ್ಲಿ. ಚಿತ್ರ ಕಳಿಸುವ ಯಂತ್ರವೇ ಟಿವಿಗೆ ಆ 5 ವೋಲ್ಟ್ ಕೊಡಬೇಕು, ಟಿವಿ ಸ್ಟಿಕ್ಕಿಗೆ ಕೊಡೋದಿಲ್ಲ. ಹಾಗಾಗಿ ಸ್ಟಿಕ್ಕಿಗೆ ಯುಎಸ್‌ಬಿ ಕರೆಂಟ್ ಬೇಕೇ ಬೇಕು. ಬಹಳ ಜನ ಟಿವಿಯ ಯುಎಸ್‌ಬಿ ಪೋರ್ಟಿಗೇ ಚುಚ್ಚುತ್ತಾರೆ. ಯುಎಸ್‌ಬಿ 2.0 ಮಾನದಂಡದ ಪೋರ್ಟ್ ಕೊಡೋದು 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. ಬಹುತೇಕ ಸ್ಟಿಕ್ಕುಗಳ ಜೊತೆ ಬರುವ ಅಡಾಪ್ಟರ್ 5 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು. ವೈಫೈ, ಪ್ರೊಸೆಸರ್ ಎರಡೂ ಜೋರಾಗಿ ದುಡಿಯುವಾಗ ಕರೆಂಟ್ ಸಾಲದೆ ಸ್ಟಿಕ್ ತಾನಾಗೇ ರೀಸ್ಟಾರ್ಟ್ ಆಗಬಹುದು. ಸ್ಟಿಕ್ ಕೆಟ್ಟುಹೋಯ್ತು ಅಂದುಕೊಳ್ಳುವ ಮೊದಲು ಗೋಡೆಯ ಪ್ಲಗ್‌ಗೆ ಹಾಕಿ ನೋಡಿ.

ಪೆಟ್ಟಿಗೆಯಲ್ಲಿ ಗೇಣುದ್ದದ ಒಂದು ಎಚ್‌ಡಿಎಂಐ ವೈರ್ ಇದ್ದರೆ ಎಸೀಬೇಡಿ. ಟಿವಿ ಬೆನ್ನಿನ ಬಿಸಿಯಿಂದ, ವೈಫೈ ಅಲೆಗಳಿಗೆ ಅಡ್ಡ ಬರುವ ಲೋಹದಿಂದ ಸ್ಟಿಕ್ಕನ್ನು ಸ್ವಲ್ಪ ದೂರ ಇಡೋದು ಅದರ ಕೆಲಸ.

ಬಫರಿಂಗ್: ಪಂಕ್ತಿ ಊಟದ ಲೆಕ್ಕ

ಒಂದು ಲೆಕ್ಕ ಮಾಡೋಣ. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳು. ಒಂದೊಂದು ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 1,200 ಮೆಗಾಬಿಟ್‌ಗೂ ಹೆಚ್ಚು. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ ಕೇಳೋದು 5 ಮೆಗಾಬಿಟ್ ವೇಗ. ಅಂದರೆ ಚಿತ್ರವನ್ನು ಸುಮಾರು 250ನೇ ಒಂದು ಭಾಗಕ್ಕೆ ಕುಗ್ಗಿಸಿ ಕಳಿಸಿದ ಹಾಗಾಯ್ತು. ಕುಗ್ಗಿಸಿದ್ದನ್ನು ಮತ್ತೆ ಅರಳಿಸುವ ಕೆಲಸ ಸ್ಟಿಕ್ಕಿನದು. 2003ರ ಎಚ್.264, 2013ರ ಎಚ್.265, 2018ರ ಎವಿ1, ಇವೆಲ್ಲ ಹಾಗೆ ಕುಗ್ಗಿಸುವ ವಿಧಾನಗಳು. ಪ್ರತಿಯೊಂದಕ್ಕೂ ಚಿಪ್‌ನೊಳಗೆ ಪ್ರತ್ಯೇಕ ಸರ್ಕ್ಯೂಟ್ ಬೇಕು. 2012ರ ಟಿವಿಗೆ ಎವಿ1 ಗೊತ್ತಿಲ್ಲ, ಹಲವು ಹೊಸ ಸ್ಟಿಕ್ಕುಗಳಿಗೆ ಗೊತ್ತಿರುತ್ತೆ.

ಇನ್ನು ಇದು ಬರುವ ರೀತಿ. ಸಿನಿಮಾ ಒಂದೇ ಫೈಲಾಗಿ ಬರೋದಿಲ್ಲ, ಕೆಲವೇ ಸೆಕೆಂಡಿನ ತುಣುಕುಗಳಾಗಿ ಬರುತ್ತೆ. ಸರ್ವರ್‌ನಲ್ಲಿ ಒಂದೊಂದು ತುಣುಕೂ ಹಲವು ಗಾತ್ರಗಳಲ್ಲಿ ತಯಾರಿರುತ್ತೆ. ಮದುವೆಮನೆ ಪಂಕ್ತಿ ನೆನಪಿಸಿಕೊಳ್ಳಿ. ಎಷ್ಟು ಬೇಕು ಅಂತ ಹೇಳೋದು ಬಡಿಸೋರಲ್ಲ, ಎಲೆ ಮುಂದೆ ಕೂತೋರು. ಇಲ್ಲೂ ಅಷ್ಟೇ. ಹಿಂದಿನ ತುಣುಕು ಎಷ್ಟು ಬೇಗ ಬಂತು ಅಂತ ನೋಡಿಕೊಂಡು, ಮುಂದಿನದು ದೊಡ್ಡದು ಬೇಕೋ ಚಿಕ್ಕದು ಸಾಕೋ ಅಂತ ಸ್ಟಿಕ್ ಕೇಳುತ್ತೆ. ನಡುವೆ ಚಿತ್ರ ಮಬ್ಬಾಗಿ ಮತ್ತೆ ಸ್ಪಷ್ಟವಾಗೋದು ಇದರಿಂದ. ಚಿಕ್ಕ ತುಣುಕೂ ಸಮಯಕ್ಕೆ ಬರದಿದ್ದಾಗ ಮಾತ್ರ ಚಕ್ರ ತಿರುಗೋಕೆ ಶುರುವಾಗುತ್ತೆ.

4ಕೆಗೆ ನೆಟ್‌ಫ್ಲಿಕ್ಸ್ 15 ಮೆಗಾಬಿಟ್ ಕೇಳುತ್ತೆ. ನಿಮ್ಮ ಟಿವಿ ಫುಲ್ ಎಚ್‌ಡಿ ಆಗಿದ್ದರೆ 4ಕೆ ಸ್ಟಿಕ್ ಹಾಕಿದ್ದಕ್ಕೆ ಚಿತ್ರ 4ಕೆ ಆಗೋದಿಲ್ಲ. ರೂಟರ್ ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ವೈಫೈ ಹಿಡಿಯಿರಿ. ಎರಡು ಗೋಡೆ ದಾಟಬೇಕಾದರೆ 2.4 ವಾಸಿ.

ಊರಿಗೆ ತೊಗೊಂಡು ಹೋಗುವವರಿಗೆ

ರಜೆಗೆ ಊರಿಗೆ ಹೋಗುವಾಗ ಅಪ್ಪ ಅಮ್ಮನಿಗೆ ಅಂತ ಸ್ಟಿಕ್ ಒಯ್ಯುವವರು ನಮ್ಮಲ್ಲಿ ಬಹಳ ಜನ. ಹಿಂದೆ ಅಮೆರಿಕದಿಂದ ವಿಸಿಆರ್ ತಂದವರಿಗೆ ಒಂದು ಕಷ್ಟ ಇತ್ತು. ಅಲ್ಲಿ 525 ಗೆರೆಗಳ ಎನ್‌ಟಿಎಸ್‌ಸಿ, ಇಲ್ಲಿ 625 ಗೆರೆಗಳ ಪಾಲ್. ಎರಡನ್ನೂ ಬಲ್ಲ ಯಂತ್ರ ಇಲ್ಲದಿದ್ದರೆ ಬಣ್ಣವೂ ಇಲ್ಲ, ಚಿತ್ರವೂ ನಿಲ್ಲೋದಿಲ್ಲ. ಎಚ್‌ಡಿಎಂಐ ಆ ತಾಪತ್ರಯ ಮುಗಿಸಿತು. ಪೋರ್ಟ್ ಎಲ್ಲ ದೇಶಕ್ಕೂ ಒಂದೇ.

ಅಡಾಪ್ಟರ್ ಮೇಲೆ "100–240 ವೋಲ್ಟ್" ಅಂತ ಬರೆದಿದೆಯಾ ನೋಡಿ. ಇದ್ದರೆ ಊರಿನ 230 ವೋಲ್ಟಿಗೆ ತೊಂದರೆ ಇಲ್ಲ, ಪಿನ್ನಿನ ಆಕಾರಕ್ಕೆ ಒಂದು ಕನ್ವರ್ಟರ್ ಸಾಕು. ಅದಕ್ಕಿಂತ ಸುಲಭ, ಊರಲ್ಲೇ ಸಿಗುವ ಒಳ್ಳೇ ಫೋನ್ ಚಾರ್ಜರ್.

ಇನ್ನೊಂದು ಸೂಕ್ಷ್ಮ. ಸ್ಟಿಕ್ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಕಳಿಸುತ್ತಿದ್ದು, ಕಾರ್ಯಕ್ರಮ 25 ಚಿತ್ರದ್ದಾದರೆ, 60ನ್ನು 25ರಿಂದ ಭಾಗಿಸಿದರೆ 2.4. ಒಂದು ಚಿತ್ರವನ್ನು 2.4 ಸಲ ತೋರಿಸೋಕೆ ಆಗಲ್ಲವಲ್ಲ. ಹಾಗಾಗಿ ಕೆಲವು ಎರಡು ಸಲ, ಕೆಲವು ಮೂರು ಸಲ ಬರುತ್ತೆ. ಕ್ರಿಕೆಟ್ ನೋಡುವಾಗ, ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಸಣ್ಣಗೆ ಕುಲುಕಿದ ಹಾಗೆ ಕಾಣೋದು ಇದರಿಂದ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 50 ಹರ್ಟ್ಸ್ ಆಯ್ಕೆ ಇದ್ದರೆ ಹಾಕಿ. ಆಗ ಎಲ್ಲ ಚಿತ್ರವೂ ಸರಿಯಾಗಿ ಎರಡೇ ಸಲ ಬರುತ್ತೆ.

ಸ್ಟಿಕ್ಕಿನಲ್ಲಿ ನಿಮ್ಮ ಅಕೌಂಟ್ ಬಿಟ್ಟು ಬರೋದಕ್ಕಿಂತ ಅಲ್ಲಿಯದೇ ಅಕೌಂಟ್ ಮಾಡಿಕೊಡಿ. ಇಲ್ಲದಿದ್ದರೆ ಅಮ್ಮ ರಿಮೋಟ್ ಒತ್ತಿದ್ದಕ್ಕೆ ನಿಮ್ಮ ಕಾರ್ಡಿನಿಂದ ಡಾಲರ್ ಹೋಗುತ್ತೆ. ಹಬ್ಬದ ಹೊತ್ತಿಗೆ ಫೋನ್ ಮಾಡಿ "ಪಾಸ್‌ವರ್ಡ್ ಕೇಳ್ತಿದೆ ಕಣೋ" ಅನ್ನೋದೂ ತಪ್ಪುತ್ತೆ.

"ಲೈಫ್‌ಟೈಮ್ ಫ್ರೀ" ಡಬ್ಬ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕನ್ನಡ ಸಿನಿಮಾ ಊರಲ್ಲಿ ಒಂದು ಆ್ಯಪ್‌ನಲ್ಲಿ ಸಿಗುತ್ತೆ, ಇಲ್ಲಿ ಅದೇ ಆ್ಯಪ್‌ನಲ್ಲಿ ಸಿಗೋದಿಲ್ಲ. ಪ್ರಸಾರದ ಹಕ್ಕು ದೇಶದ ಲೆಕ್ಕದಲ್ಲಿ ಮಾರಾಟವಾಗೋದೇ ಕಾರಣ. ಈ ಬೇಸರಕ್ಕೆ ಮದ್ದು ಅಂತ ಹೆಸರಿಲ್ಲದ ಆಂಡ್ರಾಯ್ಡ್ ಡಬ್ಬಗಳು ಬರುತ್ತವೆ. ಒಂದು ಸಲ ದುಡ್ಡು ಕೊಡಿ, ಎಲ್ಲ ಭಾರತೀಯ ಚಾನೆಲ್ಲೂ ಬಿಟ್ಟಿ.

2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥಾ ಸಾಧನಗಳ ಬಗ್ಗೆ ಬಹಿರಂಗ ಎಚ್ಚರಿಕೆ ಕೊಟ್ಟಿತು. ಹಾವಳಿಯ ಹೆಸರು ಬ್ಯಾಡ್‌ಬಾಕ್ಸ್ 2.0. ಮರುತಿಂಗಳು ಗೂಗಲ್ ಕೋರ್ಟಿಗೆ ಹೋಯಿತು. ಒಂದು ಕೋಟಿಗೂ ಹೆಚ್ಚು ಸಾಧನಗಳಿಗೆ ಇದು ತಗುಲಿದೆ ಅಂತ ಹೇಳಿತು. ಇದರಲ್ಲಿ ಭಯ ಹುಟ್ಟಿಸೋ ಸಂಗತಿ ಏನೆಂದರೆ, ಎಷ್ಟೋ ಡಬ್ಬಗಳಲ್ಲಿ ಕೆಟ್ಟ ಸಾಫ್ಟ್‌ವೇರ್ ನೀವು ಪೆಟ್ಟಿಗೆ ತೆರೆಯುವ ಮೊದಲೇ ಕೂತಿರುತ್ತೆ.

ಅದು ಮಾಡೋದೇನು? ನಿಮ್ಮ ಮನೆಯ ಇಂಟರ್ನೆಟ್ಟನ್ನು ಬೇರೆಯವರಿಗೆ ಬಾಡಿಗೆಗೆ ಬಿಡುತ್ತೆ. ಯಾರೋ ಎಲ್ಲೋ ಕೂತು ಮೋಸ ಮಾಡುವಾಗ, ಅದು ನಿಮ್ಮ ಮನೆ ವಿಳಾಸದಿಂದ ನಡೆದ ಹಾಗೆ ಕಾಣುತ್ತೆ. ಸಿನಿಮಾ ಮಾತ್ರ ಚೆನ್ನಾಗೇ ಬರ್ತಿರುತ್ತೆ, ಹಾಗಾಗಿ ಯಾರಿಗೂ ಅನುಮಾನ ಬರೋದಿಲ್ಲ. ವೀಸಾ ಮೇಲೆ ಬೇರೆ ದೇಶದಲ್ಲಿ ಬದುಕ್ತಿರೋರು ಇದನ್ನ ಎರಡು ಸಲ ಯೋಚಿಸಬೇಕು.

ಲಕ್ಷಣಗಳು ಹೀಗಿವೆ. ಕೇಳಿಲ್ಲದ ಬ್ರ್ಯಾಂಡ್. ಎಲ್ಲವೂ ಬಿಟ್ಟಿ ಅಥವಾ "ಅನ್‌ಲಾಕ್ಡ್" ಅನ್ನುವ ಜಾಹೀರಾತು. ಗೂಗಲ್ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅನ್ನುವ ಸೂಚನೆ. ಗೊತ್ತಿಲ್ಲದ ಆ್ಯಪ್ ಅಂಗಡಿ. ಮನೆಯಲ್ಲಿ ಅಂಥಾದ್ದು ಇದ್ದರೆ ವೈಫೈನಿಂದ ತೆಗೆದುಬಿಡಿ.

ಹೆಸರಾಂತ ಕಂಪನಿಗಳೇನೂ ಸಂನ್ಯಾಸಿಗಳಲ್ಲ. ರೋಕು ಕಂಪನಿಯ ಆದಾಯದ ಬಹುಪಾಲು ಬರೋದು ಜಾಹೀರಾತು ಮತ್ತು ಚಂದಾ ಸೇವೆಗಳಿಂದ, ಸ್ಟಿಕ್ ಮಾರಾಟದಿಂದ ಅಲ್ಲ. ನೀವು ಏನು ನೋಡ್ತೀರಿ ಅನ್ನೋದಕ್ಕೆ ಬೆಲೆ ಇದೆ. 2017ರಲ್ಲಿ ವಿಜಿಯೋ ಎಂಬ ಟಿವಿ ಕಂಪನಿ 1 ಕೋಟಿ 10 ಲಕ್ಷ ಟಿವಿಗಳಲ್ಲಿ ಒಪ್ಪಿಗೆ ಇಲ್ಲದೆ ಇಂಥಾ ಮಾಹಿತಿ ಸಂಗ್ರಹಿಸಿದ ಆರೋಪದಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಸ್ಟಿಕ್ಕಿನ ಪ್ರೈವೆಸಿ ಸೆಟ್ಟಿಂಗ್ಸ್‌ಗೆ ಹೋಗಿ ಜಾಹೀರಾತಿಗಾಗಿ ಮಾಹಿತಿ ಬಳಸುವ ಆಯ್ಕೆಗಳನ್ನು ಆಫ್ ಮಾಡಿ. ಐದು ನಿಮಿಷದ ಕೆಲಸ.

ಸ್ಟಿಕ್ಕಿಗೂ ಆಯಸ್ಸು ಇದೆ

2025ರ ಮಾರ್ಚ್ 9ರ ಸುಮಾರಿಗೆ ಪ್ರಪಂಚದ ಎಷ್ಟೋ ಮನೆಗಳಲ್ಲಿ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಟ್ಟಿಗೇ ಕೈಕೊಟ್ಟವು. ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ. "ನಾನು ಅಸಲಿ ಸಾಧನ" ಅಂತ ಸಾಬೀತು ಮಾಡುವ ಹತ್ತು ವರ್ಷದ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಕೆಲವು ದಿನದಲ್ಲಿ ಗೂಗಲ್ ಸರಿಪಡಿಸಿತು. ಕ್ರೋಮ್‌ಕಾಸ್ಟ್ ತಯಾರಿಕೆ ನಿಲ್ಲಿಸುವುದಾಗಿ ಅದಕ್ಕೆ ಮೊದಲೇ, 2024ರ ಆಗಸ್ಟ್‌ನಲ್ಲಿ, ಹೇಳಿಯಾಗಿತ್ತು.

ಅಂದರೆ ಸ್ಟಿಕ್ ಕೂಡ ಶಾಶ್ವತ ಅಲ್ಲ. ಆದರೆ ಲೆಕ್ಕ ನೋಡಿ. ಸ್ಟಿಕ್ ಮುದಿಯಾದರೆ ಅಂಗೈ ಅಗಲದ ಒಂದು ವಸ್ತು ಇ-ತ್ಯಾಜ್ಯಕ್ಕೆ ಹೋಗುತ್ತೆ. ಟಿವಿಯೊಳಗಿನ ಕಂಪ್ಯೂಟರ್ ಮುದಿಯಾಯ್ತು ಅಂತ ಟಿವಿ ಎಸೆದರೆ, ಚೆನ್ನಾಗಿರುವ ಗಾಜು, ಲೋಹ, ಪ್ಲಾಸ್ಟಿಕ್ಕು ಎಲ್ಲ ಹೋಗುತ್ತೆ. ಹೊಸ ಟಿವಿ ಕೊಂಡರೂ ಐದಾರು ವರ್ಷಕ್ಕೆ ಇದೇ ಪ್ರಶ್ನೆ ತಿರುಗಿ ಬರಬಹುದು.

ಹಾಗಾಗಿ ಪರದೆ ಚೆನ್ನಾಗಿದ್ದು, ಒಂದು ಎಚ್‌ಡಿಎಂಐ ಪೋರ್ಟ್ ಇದ್ದರೆ ಟಿವಿ ಇಟ್ಟುಕೊಳ್ಳಿ. ಹೆಸರಿರುವ ಸ್ಟಿಕ್ ತೊಗೊಳ್ಳಿ, ಗೋಡೆ ಪ್ಲಗ್‌ನಿಂದ ಕರೆಂಟ್ ಕೊಡಿ, ಪ್ರೈವೆಸಿ ಸೆಟ್ಟಿಂಗ್ಸ್ ನೋಡಿ. ಬಿಟ್ಟಿ ಡಬ್ಬ ಮಾತ್ರ ಬೇಡ.

ನಿಮ್ಮ ಮನೆಯ ಹಳೇ ಯಂತ್ರಗಳ ಬಗ್ಗೆ ಪ್ರಶ್ನೆ ಇದ್ದರೆ ಬರೆದು ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಬಿಚ್ಚಿ ನೋಡೋಣ.