ಆ ಮೊಣಕಾಲು ಓಡಿದ ದಾರಿ

ಲಾಸ್ ಏಂಜಲೀಸ್‌ನ ಮೆಟ್ರೋ ‘ಇ’ ಮಾರ್ಗದಲ್ಲಿ ಸೆವೆಂಟೀನ್ತ್ ಸ್ಟ್ರೀಟ್ ನಿಲ್ದಾಣದಲ್ಲಿಳಿದರೆ ಸಾಂತಾ ಮೋನಿಕಾ ಕಾಲೇಜಿಗೆ ನಡೆದೇ ಹೋಗಬಹುದು. ಈಗ ಇಲ್ಲಿ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡ ಹುಡುಗ ಹುಡುಗಿಯರ ಓಡಾಟ. 1984ರ ಆಗಸ್ಟ್ 5ರ ಬೆಳಿಗ್ಗೆ ಎಂಟಕ್ಕೆ ಇದೇ ಕಾಲೇಜಿನ ಮೈದಾನದಿಂದ 50 ಮಹಿಳೆಯರು ಓಟ ಶುರುಮಾಡಿದ್ದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಇಟ್ಟಿದ್ದು ಅದೇ ಮೊದಲು. ಅದಕ್ಕೂ ಹಿಂದಿನ ಒಲಿಂಪಿಕ್ಸ್‌ವರೆಗೆ ಅವರ ಪಾಲಿನ ಅತಿ ಉದ್ದದ ಓಟ 1500 ಮೀಟರ್. ಹೆಣ್ಣಿನ ಮೈಗೆ ಅಷ್ಟೇ ಸಾಕೆಂದು ಗಂಡಸರ ಸಮಿತಿಗಳು ದಶಕಗಳ ಕಾಲ ನಂಬಿದ್ದವು.

ನಾನು ಬಂದದ್ದು ಆ ಐವತ್ತರಲ್ಲಿ ಒಬ್ಬರ ಬಲ ಮೊಣಕಾಲಿನ ಜಾಡು ಹಿಡಿದು.

ಮೇನ್ ರಾಜ್ಯದ ಜೋನ್ ಬೆನೊಯಿಟ್ 1983ರಲ್ಲಿ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 22 ನಿಮಿಷ 43 ಸೆಕೆಂಡಿನಲ್ಲಿ ಮುಗಿಸಿದ್ದರು; ಆಗ ಜಗತ್ತಿನಲ್ಲೇ ಅದಕ್ಕಿಂತ ಬೇಗ ಓಡಿದ ಹೆಣ್ಣಿರಲಿಲ್ಲ. ಮರುವರ್ಷದ ಮಾರ್ಚ್‌ನಲ್ಲಿ 20 ಮೈಲಿಯ ಅಭ್ಯಾಸದ ನಡುವೆ ಮೊಣಕಾಲು ಕಚ್ಚಿಕೊಂಡಿತು. ವಿಶ್ರಾಂತಿ ತೆಗೆದುಕೊಂಡರು, ಕಾರ್ಟಿಸೋನ್ ಚುಚ್ಚಿಸಿಕೊಂಡರು, ನೋವು ಹೋಗಿ ಮತ್ತೆ ಬಂತು. ಕೊನೆಗೆ ಏಪ್ರಿಲ್ 25ರಂದು ಒರೆಗಾನ್‌ನ ಯುಜೀನ್ ಊರಿನಲ್ಲಿ ಡಾ. ಸ್ಟ್ಯಾನ್ ಜೇಮ್ಸ್ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ನೋಡಿದಾಗ, ಕೀಲಿನೊಳಗೆ ಅಡ್ಡವಾಗಿದ್ದ ನಾರಿನಂಥ ಪಟ್ಟಿಯೊಂದು ಸಿಕ್ಕಿತು. ಅದನ್ನು ಕತ್ತರಿಸಿದರು. ಅಮೆರಿಕ ತಂಡದ ಆಯ್ಕೆ ಓಟಕ್ಕೆ ಉಳಿದಿದ್ದದ್ದು 17 ದಿನ.

ಕಾಲೂರಲಾಗದ ದಿನಗಳಲ್ಲಿ ಬೆನೊಯಿಟ್ ಕೈಯಿಂದಲೇ ಸೈಕಲ್ ಪೆಡಲ್ ತಿರುಗಿಸಿ ದಮ್ಮು ಉಳಿಸಿಕೊಂಡರು. ಓಡಲು ಬಿಟ್ಟ ಕೂಡಲೇ ಅವಸರ ಮಾಡಿದರು. ಬಲಗಾಲನ್ನು ಕಾಯಲು ಹೋಗಿ ಎಡಗಾಲಿನ ಹಿಂದೊಡೆಯ ಸ್ನಾಯು ಕೈಕೊಟ್ಟಿತು. ಆಪರೇಷನ್ ಆದ ಓಟಗಾರರೆಲ್ಲರ ಗೋಳು ಇದು: ಹೊಲಿದ ಜಾಗ ಸುಮ್ಮನಿರುತ್ತದೆ, ಪಕ್ಕದ್ದು ಕಿರುಚುತ್ತದೆ. ಹಾಗಿದ್ದೂ ಮೇ 12ರಂದು ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಆಯ್ಕೆ ಓಟವನ್ನು 2:31:04ಕ್ಕೆ ಗೆದ್ದರು.

ಸಾಂತಾ ಮೋನಿಕಾದ ಸ್ಯಾನ್ ವಿಸೆಂಟೆ ರಸ್ತೆಯ ನಡುವೆ ಅಗಲವಾದ ಹುಲ್ಲುಪಟ್ಟಿ. ಅದರ ಮೇಲೆ ಸಾಲಾಗಿ ದಪ್ಪ ಕಾಂಡದ ಕೋರಲ್ ಮರಗಳು. ನಮ್ಮ ಬೇಲಿಯ ಹಾಲುವಾಣದ ಆಫ್ರಿಕಾ ಕಡೆಯ ನೆಂಟರು. ಇಂದಿಗೂ ಇಲ್ಲಿ ಓಡುವವರಿಗೆ ಬರವಿಲ್ಲ. ಒಲಿಂಪಿಕ್ ಓಟವೂ ಈ ರಸ್ತೆ ಹಿಡಿದು ಕಡಲಂಚಿಗೆ ಇಳಿದಿತ್ತು. ಸುಮಾರು ಐದು ಕಿಲೋಮೀಟರಿಗೇ ಬೆನೊಯಿಟ್ ಗುಂಪು ಬಿಟ್ಟು ಮುಂದೆ ಹೋದರು. ಉಳಿದವರು, ಸೋಲನ್ನೇ ಹೆಚ್ಚು ಕಂಡಿರದ ನಾರ್ವೆಯ ಗ್ರೇಟೆ ವೈಟ್ಜ್ ಕೂಡ, ಆಕೆ ಬಿಸಿಲಿಗೆ ಸೋತು ಹಿಂದೆ ಬರುತ್ತಾರೆಂದು ಕಾದರು. ಬರಲಿಲ್ಲ. ಕಾರುಗಳಿಲ್ಲದ ಮರೀನಾ ಫ್ರೀವೇ ಮೇಲೆ ಒಬ್ಬರೇ ಓಡಿದರು.

ನನಗೆ ಅಷ್ಟು ದಮ್ಮಿಲ್ಲ. ಮತ್ತೆ ರೈಲು ಹತ್ತಿ ಎಕ್ಸ್‌ಪೋ ಪಾರ್ಕ್ ನಿಲ್ದಾಣದಲ್ಲಿಳಿದೆ. ಗುಲಾಬಿ ತೋಟ ದಾಟಿದರೆ 1923ರಲ್ಲಿ ತೆರೆದ ಮೆಮೋರಿಯಲ್ ಕೊಲಿಸಿಯಂ. ಪೂರ್ವದ ಕಮಾನುಗಳ ಎದುರು ರಾಬರ್ಟ್ ಗ್ರಹಾಂ ಎರಕ ಹೊಯ್ದ ಎರಡು ಕಂಚಿನ ದೇಹಗಳು, ಒಂದು ಗಂಡು, ಒಂದು ಹೆಣ್ಣು, ಎರಡಕ್ಕೂ ತಲೆಯಿಲ್ಲ. ಮೊದಲು ಕಸಿವಿಸಿಯಾಯಿತು, ಆಮೇಲೆ ತೊಡೆ, ಮೊಣಕಾಲುಗಳನ್ನೇ ನೋಡುತ್ತ ನಿಂತೆ. ಕಮಾನುಗಳ ನಡುವಿನ ಫಲಕಗಳಲ್ಲಿ 1932 ಮತ್ತು 1984ರ ಚಿನ್ನ ಗೆದ್ದವರೆಲ್ಲರ ಹೆಸರುಗಳಿವೆ.

ಅಂದು ಬೆನೊಯಿಟ್ ಸುರಂಗದಾರಿಯಿಂದ ಒಳಗೆ ಬಂದು, ಬಿಳಿ ಟೋಪಿ ಬೀಸಿ, 2:24:52ಕ್ಕೆ ಗೆರೆ ಮುಟ್ಟಿದರು. ವೈಟ್ಜ್ ಬಂದದ್ದು ಒಂದೂವರೆ ನಿಮಿಷದ ಬಳಿಕ. ಮೂರು ದಿನದ ನಂತರ ಇದೇ ಟ್ರ್ಯಾಕ್‌ನಲ್ಲಿ ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಕಂಚು ಕಳೆದುಕೊಂಡರು. ಆ ಟ್ರ್ಯಾಕ್ ಎಲ್ಲಿ ಎಂದು ಹುಡುಕಬೇಡಿ. 1993ರಲ್ಲಿ ನೆಲ ತಗ್ಗಿಸಿ, ಟ್ರ್ಯಾಕ್ ಕಿತ್ತು, ಅಮೆರಿಕನ್ ಫುಟ್‌ಬಾಲಿಗೆ ಬಿಟ್ಟುಕೊಟ್ಟರು. 2028ರ ಒಲಿಂಪಿಕ್ಸ್‌ಗೆ ತಾತ್ಕಾಲಿಕವಾಗಿ ಮತ್ತೆ ಹಾಕುವ ಯೋಜನೆಯಿದೆ.

ಒಂದು ಮಾತು. ಬೆಂಗಳೂರಿನ ಓಟದ ಗೆಳೆಯರು ತಮ್ಮ ಮೊಣಕಾಲು ಆಪರೇಷನ್ನಿಗೆ ಮುಂಚೆ ಈ 17 ದಿನದ ಕತೆಯನ್ನು ನನಗೆ ಹೇಳುವುದುಂಟು. ಆದರೆ ಬೆನೊಯಿಟ್ ಅವರ ಕೀಲಿನಿಂದ ತೆಗೆದದ್ದು ಒಂದು ಪಟ್ಟಿ ಮಾತ್ರ. ಹರಿದ ಲಿಗಮೆಂಟಿಗೆ ಹೊಸದು ಕೂಡಿಸಿದರೆ ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ನಿಮ್ಮ ಫಿಸಿಯೋ ಹೇಳುವ ದಿನವೇ ನಿಮ್ಮ ದಿನ.

ಕೊಲಿಸಿಯಂ ಒಳಗನ್ನು ಮಾರ್ಗದರ್ಶಕರೊಂದಿಗೆ ನೋಡಬಹುದು. ಪಂದ್ಯದ ದಿನ ಹೋಗಬೇಡಿ, ಮುಂಚೆಯೇ ಟಿಕೆಟ್ ಮಾಡಿಸಿಕೊಳ್ಳಿ.